ಟೈಲರಕ್ಕನ ಬಲ ಹೆಗಲು

ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಬಂದ ಮೊದಲ ಮಾಮೂಲಿ ಬೆಳಿಗ್ಗೆ ಅದು. ಟೈಲರಕ್ಕ ಎಂದಿನಂತೆ ಬಾಗಿಲು ತೆಗೆದಳು. ಬೀದಿಗೆ ತೆರೆದ ಮುಂದಿನ ಕೋಣೆಯೇ ಅವಳ ಅಂಗಡಿ. ಹೊಲಿಗೆ ಮಿಷನ್ನಿನ ಧೂಳು ಒರೆಸಿ, ಎಣ್ಣೆ ಬಿಟ್ಟು, ಕತ್ತರಿ ಕೈಗೆತ್ತಿಕೊಂಡಳು. ಬಸ್ ಡ್ರೈವರಾಗಿದ್ದ ಗಂಡ ಎದೆ ಹಿಡಿದುಕೊಂಡು ನಡೆದೇ ಆಸ್ಪತ್ರೆಗೆ ಹೋಗಿದ್ದ. ನಡೆದು ವಾಪಸು ಬರಲಿಲ್ಲ. ಇನ್ನು ಸಂಸಾರ ಸಾಗಬೇಕಾದದ್ದು ಅವಳ ಬಲಗೈಯಿಂದ.

ಮೇಲಿನ ಹಲಗೆಯಿಂದ ಬಟ್ಟೆ ತೆಗೆಯಲು ಆ ಕೈ ಎತ್ತಿದ್ದೇ ತಡ, ಹೆಗಲ ಹತ್ತಿರ ಅಂಗಿ ಪರ್ರೆಂದು ಹರಿಯಿತು.

ಅತ್ತಿಗೆಗೆ ಜೊತೆಯಾಗಲೆಂದು ಉಳಿದುಕೊಂಡಿದ್ದ ನಾದಿನಿ ಒಳಗಿಂದ ಬಂದಳು. ಅವಳು ಆಸ್ಪತ್ರೆಯೊಂದರ ಆಪರೇಷನ್ ವಿಭಾಗದಲ್ಲಿ ನರ್ಸು.

"ಏನತ್ತಿಗೆ, ಊರವರ ಬಟ್ಟೆಯೆಲ್ಲ ಗಟ್ಟಿ, ನಿಮ್ದೇ ಹರಿದುಹೋಯ್ತಲ್ಲ!" ಎನ್ನುತ್ತ ಬಂದವಳು ಹರಿದ ಅಂಗಿ ಸರಿಸಿ ನೋಡಿದಳು. ಬಲ ಹೆಗಲ ಮೇಲೆ ನಿಂಬೆಹಣ್ಣಿನ ಗಾತ್ರದ ಗಡ್ಡೆ. ಎಡಗಡೆ, ಅಂಗಿಯೊಳಗೆ, ಅಷ್ಟೇ ಗಾತ್ರದ ಹತ್ತಿಯ ಮೆತ್ತೆ.

"ಇದೇನಿದು?"

"ಎರಡೂ ಕಡೆ ಸಮ ಕಾಣ್ಲಿ ಅಂತ. ಹೊಸ ಅಂಗಿ ಹೊಲಿಯೋವಾಗೆಲ್ಲ ಬಲಗಡೆ ಸ್ವಲ್ಪ ಅಗಲ ಬಿಡ್ತೀನಿ. ಎಡಗಡೆ ಹತ್ತಿ ಜಾಸ್ತಿ ತುಂಬ್ತೀನಿ." ಟೈಲರಕ್ಕನ ದನಿಯಲ್ಲಿ ಚೂರು ಜಂಬವೂ ಇತ್ತು. "ನಿಮ್ಮಣ್ಣನ್ನ ಬಿಟ್ರೆ ಯಾರಿಗೂ ಗೊತ್ತಾಗಿಲ್ಲ. ಮೂಲೆಮನೆ ಟೀಚರಂತೂ, ನಂಗೂ ಹೀಗೇ ಭುಜ ಎತ್ತಿ ಹೊಲಿದುಕೊಡು ಅಂತ ಹೊಲಿಸ್ಕೊಂಡು ಹೋದ್ರು!"

ಇಬ್ಬರೂ ನಕ್ಕುಬಿಟ್ಟರು. ನಕ್ಕಿದ್ದಕ್ಕೆ ಇಬ್ಬರಿಗೂ ಆಶ್ಚರ್ಯವಾಯಿತು.

ನಾದಿನಿ ಗಡ್ಡೆಯನ್ನು ಮೆಲ್ಲಗೆ ಮುಟ್ಟಿ ನೋಡಿದಳು. "ಮೆತ್ತಗಿದೆ, ಬೆರಳಿಗೆ ಜಾರುತ್ತೆ. ಕೊಬ್ಬಿನ ಗಡ್ಡೆ ಇದ್ದಹಾಗಿದೆ. ಆದ್ರೆ ನಾನು ಹೇಳಿದ್ರೆ ಸಾಲ್ದು, ಡಾಕ್ಟರೇ ಹೇಳ್ಬೇಕು. ಇಂಥವನ್ನೆಲ್ಲ ತೆಗೀಲೇಬೇಕು ಅಂತೇನಿಲ್ಲ. ನಿಮ್ದು ಬೆಳೀತಿದೆ, ಕೈಗೆ ಅಡ್ಡ ಬರ್ತಿದೆ. ಅದಕ್ಕೇ ತೋರಿಸ್ಬೇಕು."

ಅತ್ತೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. "ಬೇಡ ಕಣೇ. ಕತ್ತಿ ತಾಗಿದ್ರೆ ಮೈಯೆಲ್ಲ ಹರಡುತ್ತಂತೆ. ಎಣ್ಣೆ ತಿಕ್ಕಿದ್ರೆ ಕರಗುತ್ತೆ ಅಂತ ಪಕ್ಕದವಳು ಹೇಳ್ತಿದ್ಲು."

"ಅಮ್ಮಾ, ಅದೇನು ಬೆಣ್ಣೇನಾ ಕರಗೋಕೆ? ಕೊಬ್ಬಿನ ಗಡ್ಡೆ ಕ್ಯಾನ್ಸರ್ ಅಲ್ಲ. ಕೊಯ್ದರೆ ಹರಡೋದೂ ಇಲ್ಲ."

ಟೈಲರಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಇದು ಅನ್ನ ಕೊಡೋ ಕೈ. ಏನಾದ್ರೂ ಆದ್ರೆ? ನಿಮ್ಮಣ್ಣನೂ ಆಸ್ಪತ್ರೆಗೇ ಹೋಗಿದ್ದು. ಏನಾಯ್ತು?"

ನಾದಿನಿಯ ಕಣ್ಣು ತುಂಬಿತು. ಆದರೂ ಮಾತು ನುಂಗಲಿಲ್ಲ. "ಅಣ್ಣ ಆಸ್ಪತ್ರೆಗೆ ಹೋಗಿದ್ದಕ್ಕೆ ಸಾಯ್ಲಿಲ್ಲ ಅತ್ತಿಗೆ. ಬರೀ ಗ್ಯಾಸು ಅಂತ ಎದೆನೋವು ಮುಚ್ಚಿಟ್ಟುಕೊಂಡಿದ್ದ, ಹೋಗೋ ಹೊತ್ತಿಗೆ ತಡವಾಗಿತ್ತು. ಈಗ ನೀವೂ ಮುಚ್ಚಿಡ್ತಿದ್ದೀರಿ. ಚೆಂದಾಗಿ ಹೊಲಿದು ಮುಚ್ಚಿಟ್ಟಿದ್ದೀರಿ."

ಕೊನೆಗೆ ಅತ್ತೆಯೇ, "ಕರ್ಕೊಂಡು ಹೋಗು," ಎಂದು ಒಳಗೆ ನಡೆದರು.

ಡಾಕ್ಟರು ಗಡ್ಡೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು. ಸಕ್ಕರೆ ಕಾಯಿಲೆ ಇದೆಯಾ, ರಕ್ತ ತೆಳುವಾಗೋ ಮಾತ್ರೆ ತಗೋತೀರಾ, ಯಾವುದಾದರೂ ಔಷಧ ಆಗಿಬರಲ್ವಾ ಎಂದೆಲ್ಲ ಕೇಳಿದರು. ಟೈಲರಕ್ಕ ಕೇಳಿದ್ದು ಒಂದೇ: "ಈ ಕೈಯಲ್ಲಿ ಮತ್ತೆ ಬಟ್ಟೆ ಕತ್ತರಿಸ್ತೀನಾ?"

"ಗಡ್ಡೆ ಇರೋದು ಚರ್ಮದ ಕೆಳಗೆ, ಮಾಂಸಖಂಡದ ಮೇಲೆ. ಯಾವ ಆಪರೇಷನ್ನಿಗೂ ಚೂರುಪಾರು ಅಪಾಯ ಇದ್ದೇ ಇರುತ್ತೆ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಕೈಗೆ ತೊಂದರೆ ಆಗೋ ಸಂಭವ ತೀರಾ ಕಡಿಮೆ," ಎಂದರು ಡಾಕ್ಟರು. ಸುತ್ತಿಬಳಸದ ಆ ಮಾತೇ ಅವಳಿಗೆ ಧೈರ್ಯ ಕೊಟ್ಟಿತು.

ದೊಡ್ಡ ಗಡ್ಡೆಯಾದರೆ, ಆಳದಲ್ಲಿದ್ದರೆ, ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗಬಹುದು. ಇವಳಿಗೆ ಆ ಜಾಗ ಮಾತ್ರ ಮರಗಟ್ಟಿಸಿದರು. ಸೂಜಿ ಚುರುಕ್ ಎಂದಿತು, ಸ್ವಲ್ಪ ಉರಿಯಿತು. ಆಮೇಲೆ ನೋವಿಲ್ಲ. ಒತ್ತಿದ್ದು, ಎಳೆದದ್ದು ಮಾತ್ರ ತಿಳಿಯುತ್ತಿತ್ತು, ಯಾರೋ ಜೇಬಿಗೆ ಕೈಹಾಕಿ ಹುಡುಕಿದ ಹಾಗೆ. ಎಚ್ಚರವಾಗಿದ್ದುಕೊಂಡೇ ಅಲ್ಲಿದ್ದ ನರ್ಸ್ ಹತ್ತಿರ ಅವಳ ಅಂಗಿಯ ಕಾಲರು ಸರಿಯಾಗಿ ಕೂತಿಲ್ಲವೆಂದು ಹೇಳಿದಳು. ಅಷ್ಟರಲ್ಲಿ ಹಳದಿ ಬಣ್ಣದ ಮೆತ್ತನೆ ಉಂಡೆಯೊಂದು ತಟ್ಟೆಗೆ ಬಿದ್ದಿತ್ತು. ಅದನ್ನು ಪರೀಕ್ಷೆಗೆ ಕಳಿಸಿದರು. ಅವಳು ಅಂದೇ ಮನೆಗೆ ಬಂದಳು.

ಮರಗಟ್ಟಿದ್ದು ಬಿಟ್ಟ ಮೇಲೆ ನೋವು ಬಂತು, ಮಾತ್ರೆಗೆ ತಗ್ಗಿತು. ಸುತ್ತ ಚರ್ಮ ಕಂದಿ ನೀಲಿಯಾಯಿತು. ಅತ್ತೆ ಗಾಬರಿಯಾದರೆ, ಕೆಲಸಕ್ಕೆ ಮರಳಿದ್ದ ನಾದಿನಿ ಫೋನಿನಲ್ಲೇ ಹೇಳಿದಳು: "ಅದು ತಾನಾಗೇ ಹೋಗುತ್ತೆ ಅಮ್ಮಾ. ಗಾಯ ಕೆಂಪಾಗಿ ಊದಿದ್ರೆ, ಕೀವು ಬಂದ್ರೆ, ರಕ್ತ ನಿಲ್ಲದಿದ್ರೆ, ಜ್ವರ ಬಂದ್ರೆ ತಕ್ಷಣ ಕರ್ಕೊಂಡು ಹೋಗು. ನೀರು ತಾಗಿಸ್ಬೇಡ, ಡಾಕ್ಟರು ಹೇಳೋವರೆಗೂ ಭಾರ ಎತ್ತಿಸ್ಬೇಡ." ಟೈಲರಕ್ಕ ಮಿಷನ್ನಿಗೆ ಬಟ್ಟೆ ಹೊದಿಸಿಬಿಟ್ಟಳು. ಅತ್ತೆ ಅಂಗಡಿ ಬಾಗಿಲಲ್ಲಿ ಕಾವಲು ಕೂತು, ಬಂದವರಿಗೆಲ್ಲ "ನನ್ನ ಸೊಸೆ ಎಚ್ಚರವಾಗಿದ್ದೇ ಆಪರೇಷನ್ ಮಾಡಿಸ್ಕೊಂಡ್ಲು, ಗೊತ್ತಾ?" ಎಂದು ಹೇಳಿದ್ದೇ ಹೇಳಿದ್ದು.

ಹೊಲಿಗೆ ಬಿಚ್ಚುವ ದಿನ ಪರೀಕ್ಷೆಯ ಫಲಿತಾಂಶವೂ ಬಂದಿತ್ತು: ಬರೀ ಕೊಬ್ಬು. ಟೈಲರಕ್ಕ ಕನ್ನಡಿ ತರಿಸಿ ಡಾಕ್ಟರ ಹೊಲಿಗೆಯನ್ನು ಪರೀಕ್ಷಿಸಿದಳು. "ಕೈ ಚೆನ್ನಾಗಿದೆ ಡಾಕ್ಟ್ರೇ. ಕೊನೇದೊಂದು ಚೂರು ವಾರೆ."

"ಮುಂದಿನ ಸಲ ನಿಮ್ಮನ್ನೇ ಕರೀತೀನಿ," ಎಂದು ಅವರು ನಕ್ಕರು.

ಭಾರ ಎತ್ತಬಹುದೆಂದು ಡಾಕ್ಟರು ಹೇಳಿದ ಮಾರನೆಯ ದಿನ ಟೈಲರಕ್ಕ ಹಿತ್ತಲಿಗೆ ಹೋದಳು. ಅಂಗಡಿಗೆ ಬೋರ್ಡು ಕಟ್ಟಲೆಂದು ಗಂಡ ಎದುರುಮನೆ ಪೇಂಟರನಿಂದ ತಂದಿದ್ದ ಏಣಿ ಗೋಡೆಗೆ ಒರಗಿತ್ತು. ಅದನ್ನು ಬಲ ಹೆಗಲಿಗೇರಿಸಿ ಬೀದಿ ದಾಟಿದಳು.

"ಅಯ್ಯೋ ಟೈಲರಕ್ಕಾ, ಒಂದು ಮಾತು ಹೇಳಿದ್ರೆ ನಾನೇ ಬರ್ತಿರ್ಲಿಲ್ವಾ?" ಪೇಂಟರ್ ಓಡಿಬಂದ.

"ತಂದಿದ್ದು ನಮ್ಮನೆಯವರು. ತಲುಪಿಸೋದು ನಮ್ಮನೆ ಕೆಲಸ."

"ಅದೂ ಆ ಹೆಗಲ ಮೇಲೆ?"

"ಯಾಕೆ, ಈ ಹೆಗಲಿಗೇನಾಗಿದೆ?" ಎಂದು ಏಣಿಯನ್ನು ಅವನ ಗೋಡೆಗೆ ತಾನೇ ಒರಗಿಸಿದಳು. ಅತ್ತೆ ಈಚೆ ಬಾಗಿಲಲ್ಲಿ ನಿಂತು ಬೀದಿಯ ಎರಡೂ ಕಡೆ ನೋಡಿದರು, ಎಲ್ಲರೂ ನೋಡಿದರೇ ಎಂದು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮೈಮೇಲೂ ಗಡ್ಡೆಯೊಂದಿದೆಯೇ? ಹಿಚುಕಬೇಡಿ, ಸುಡಬೇಡಿ, ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ. ಬೆಳೆಯುತ್ತಿದ್ದರೆ, ಗಟ್ಟಿಯಾಗಿದ್ದರೆ, ನೋಯುತ್ತಿದ್ದರೆ ಇನ್ನೂ ಬೇಗ ಹೋಗಿ. ಭಯವಿದ್ದರೆ ಆ ಭಯವನ್ನೂ ಅವರ ಮುಂದೆಯೇ ಹೇಳಿ. ಇವತ್ತೇ ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿ. ಜೊತೆಗೆ ಬರಲು ಯಾರಾದರೂ ಇದ್ದೇ ಇರುತ್ತಾರೆ.