ಅಂಗಿ ತೊಟ್ಟ ಬಾಟಲಿಗಳು

ನೀಲಿ ಮುಚ್ಚಳ, ಸೋಪಿನ ಡಬ್ಬ, ಹಾಲಿನ ಪೊಟ್ಟಣ, ಅದರ ಹಿಂದೆ ಮೈತುಂಬ ಕೆಂಪು ಚಿತ್ರ ಸುತ್ತಿಕೊಂಡ ಬಾಟಲಿ — ಅಯ್ಯೋ, ಮತ್ತೆ ತಪ್ಪಿತು, ಹೊಸ ಮಷೀನು ಗುರುತು ಹಿಡಿದು ಪುಸ್ಸೆಂದು ಗಾಳಿ ಊದಿ ಅದನ್ನು ಮರುಬಳಕೆಯ ತೊಟ್ಟಿಗೆ ಹಾರಿಸಬೇಕಿತ್ತು, ಊದಲೇ ಇಲ್ಲ, ಬಾಟಲಿ ನೆಟ್ಟಗೆ ಸುಡುವ ಕಸದ ರಾಶಿಗೆ ಬಿತ್ತು, ಎಂಥ ಗಟ್ಟಿಮುಟ್ಟು ಬಾಟಲಿ, ಇನ್ನೊಂದು ಜನ್ಮ ಎತ್ತಬಹುದಿತ್ತು, ಹದಿನಾರು ವರ್ಷ ಈ ಬೆಲ್ಟಿನ ಪಕ್ಕ ನಿಂತು ಊರಿನ ಮನೆಮನೆಯ ಖಾಲಿ ಡಬ್ಬಗಳನ್ನು ಬೇರ್ಪಡಿಸಿದವಳಿಗೆ ಅಷ್ಟು ಗೊತ್ತಾಗದೇ. ಬೀಳಲಿ ಬಿಡೇ, ಅದು ಸೋತರೆ ನಮ್ಮ ಕೆಲಸ ಉಳಿಯುತ್ತೆ, ಪಕ್ಕದವಳು ಮೊಣಕೈಯಿಂದ ತಿವಿದಳು, ಇರಬಹುದು, ಇವತ್ತೇ ಪರೀಕ್ಷೆಯ ಕೊನೆಯ ದಿನ, ಸಂಜೆಯೊಳಗೆ ಸರಿಹೋಗದಿದ್ದರೆ ಮಷೀನು ವಾಪಸ್ಸು, ಸರಿಹೋದರೂ ಯಾರನ್ನೂ ತೆಗೆಯಲ್ಲ, ಕೊನೇಲಿ ಕೂತು ಅದರ ತಪ್ಪು ಹಿಡಿಯೋದು ನಿಮ್ಮ ಕೆಲಸ ಅಂತ ಮ್ಯಾನೇಜರು ಎಲ್ಲರೆದುರು ಸಹಿ ಹಾಕಿದ್ದಾರೆ — ಕೂತು! ಈ ಕಾಲುಗಳಿಗೆ ಅದನ್ನು ಹೇಳಿದರೆ ನಂಬುತ್ತವೆಯೇ — ನಾದಿನಿ ನಿಲ್ಲುತ್ತಿದ್ದದ್ದೂ ಇದೇ ಜಾಗದಲ್ಲಿ, ಯಾವುದೋ ಡಬ್ಬದೊಳಗೆ ಯಾರೋ ಬಳಸಿ ಎಸೆದ ಇಂಜೆಕ್ಷನ್ ಸೂಜಿ ಗ್ಲೌಸು ತೂರಿ ಹೆಬ್ಬೆರಳಿಗೆ ನಾಟಿದಾಗ ಕೂಗಲೂ ಇಲ್ಲ, ಅತ್ತಿಗೆ, ಇಲ್ಲಿ ನೋಡಿ ಅಂದಳಷ್ಟೆ, ಆರು ತಿಂಗಳು ರಕ್ತಪರೀಕ್ಷೆ, ಆರು ತಿಂಗಳು ಸ್ವಂತ ಮಗುವಿಗೆ ಮುತ್ತಿಡಲೂ ಹೆದರಿದಳು, ಏನೂ ಇಲ್ಲಮ್ಮ ಎಂದು ಡಾಕ್ಟರು ಹೇಳಿದ ದಿನ ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹುಚ್ಚರ ಹಾಗೆ ನಕ್ಕಿದ್ದರು, ಮತ್ತೆ ನಾದಿನಿ ಈ ಬಾಗಿಲು ತುಳಿಯಲಿಲ್ಲ. ಇಲ್ಲ, ಮಷೀನು ವಾಪಸ್ಸು ಹೋದರೆ ನಾಳೆ ಇನ್ಯಾರ ಬೆರಳೋ, ಅದು ಎಲ್ಲಿ ತಪ್ಪುತ್ತಿದೆ ಅಂತ ಕಂಡೂ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ, ಗಾಜಿನಾಚೆ ಇಂಜಿನಿಯರ್ ಹುಡುಗಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ, ಕಾಲುಗಳು ತಾವಾಗಿಯೇ ಹೊರಟವು — ಮೇಡಂ, ನಿಮ್ಮ ಮಷೀನಿನ ಕಣ್ಣು ಚೆನ್ನಾಗೇ ಇದೆ, ಆದ್ರೆ ಅದು ಅಂಗಿ ನೋಡಿ ಆಳನ್ನ ಅಳೀತಿದೆ, ಬಾಟಲಿ ಒಂದು ಜಾತಿ ಪ್ಲಾಸ್ಟಿಕ್ಕು, ಮೇಲಿನ ಹಾಳೆ ಇನ್ನೊಂದು ಜಾತಿ, ಅಂಗಿ ಬಿಚ್ಚಿ ಕಳಿಸಿ. ಹುಡುಗಿ ತಲೆ ಎತ್ತಿದಳು, ಹೌದಲ್ಲ ಅಕ್ಕಾ, ಆದ್ರೆ ಗಂಟೆಗೆ ಸಾವಿರಾರು ಬರುತ್ತೆ, ಬಿಚ್ಚೋರು ಯಾರು? ಹಿಂದಿನ ಶೆಡ್ಡಲ್ಲಿ ಬಿದ್ದಿದೆಯಲ್ಲ, ಕಸದ ಚೀಲ ಹರಿಯೋ ಹಲ್ಲಿನ ರೋಲರು, ಅದನ್ನ ಕ್ಯಾಮೆರಾಗಿಂತ ಮುಂಚೆ ಕೂರಿಸಿ, ಉಗುರಲ್ಲಿ ಗೀರಿದಷ್ಟೇ ತಾಗಬೇಕು, ಹೀಗೆ — ಕೈಯಲ್ಲಿ ತಂದಿದ್ದ ಬಾಟಲಿಯನ್ನು ಅವಳು ಗೀರಿದಳು, ಹಾಳೆ ಚರ್ರನೆ ಸೀಳಿಹೋಯಿತು, ಹುಡುಗಿ ಎದ್ದು ಫಿಟ್ಟರನ್ನು ಕೂಗಿದಳು. ಆಮೇಲೆ ಊಟ ಯಾರಿಗೆ ನೆನಪು, ಫಿಟ್ಟರು ಗೊಣಗುತ್ತ ಬೋಲ್ಟು ಬಿಗಿದ, ಮೊದಲ ಸಲ ಬಾಟಲಿಗಳೆಲ್ಲ ಅಪ್ಪಚ್ಚಿ, ಪಕ್ಕದವಳು ಕಿಸಕ್ಕನೆ ನಕ್ಕಳು, ನಗಲಿ ಬಿಡು, ರೋಲರನ್ನ ಒಂದು ಬೆರಳಷ್ಟು ಮೇಲೆತ್ತಿ ಅಣ್ಣಾ, ಒಂದೇ ಬೆರಳು, ಎತ್ತಿದ, ಬೆಲ್ಟು ಹೊರಟಿತು, ಹರಿದ ಚಿತ್ರಗಳು ಪಟಪಟ ಹಾರುತ್ತಿವೆ, ಕೆಂಪು, ಹಸಿರು, ಯಾರೋ ಕೈ ಹಿಡಿದಿದ್ದಾರೆ, ಪಕ್ಕದವಳೇ, ಅಂಗೈ ಬೆವೆತಿದೆ, ಕೂತು ಕೆಲಸ ಅಂದ್ರೆ ಬೆನ್ನಿಗೆ ಆಸರೆ ಇರೋ ಕುರ್ಚಿ ಕೇಳೋಣ ಕಣೇ ಅನ್ನುತ್ತಿದ್ದಾಳೆ, ಕೇಳೋಣ, ಎಲ್ಲರಿಗೂ ಕೇಳೋಣ, ಮೊದಲು ಇದು — ಬಂತು, ಬರಿಮೈಯ ಬಾಟಲಿ, ಪುಸ್ — ಹಾರಿತು, ಕಿಟಕಿಯ ಬಿಸಿಲಲ್ಲಿ ಒಂದು ಕ್ಷಣ ಒಳಗೂ ಹೊರಗೂ ಬೆಳಕೇ ಬೆಳಕಾಗಿ, ಇನ್ನೊಂದು, ಅದೂ ಬೆಳಕಾಗಿ, ಮತ್ತೊಂದು —