ಬಸಳೆಗೆ ಬಚ್ಚಲ ನೀರು

ಫ್ರಾನ್ಸಿಗೆ ಪ್ರವಾಸ ಹೋದವರು ಸೆಂಟು ತರುತ್ತಾರೆ, ಚಾಕೊಲೇಟು ತರುತ್ತಾರೆ. ನಾನು ತಲೆಗೆ ಹುಳ ಬಿಟ್ಟುಕೊಂಡು ಬಂದೆ. ಅಲ್ಲಿ ಒಂದು ಹಳೆಯ ಬಂಗಲೆಯ ಹಿಂದೆ ಎಲೆಕೋಸನ್ನೂ ಗುಲಾಬಿಯನ್ನೂ ಒಂದೇ ಮಡಿಯಲ್ಲಿ ಬೆಳೆಸಿದ್ದರು. ಪಕ್ಕದ ಪುಟ್ಟ ಊರಿನಲ್ಲಂತೂ ಪುರಸಭೆಯ ಮುಂದೆಯೇ ಟೊಮೆಟೊ, ಸೊಪ್ಪು, ಕುಂಬಳ. ಯಾರು ಬೇಕಾದರೂ ಕೊಯ್ಯಬಹುದು ಎಂದು ಬೋರ್ಡು ಬೇರೆ. ಒಬ್ಬಳು ಅಜ್ಜಿ ಹೋಗುವ ದಾರಿಯಲ್ಲಿ ನಾಲ್ಕು ಎಲೆ ಕಿತ್ತು ಚೀಲಕ್ಕೆ ಹಾಕಿಕೊಂಡಳು. ಯಾರೂ ತಿರುಗಿ ನೋಡಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ಇಲ್ಲಿ ಗಲ್ಫಿನ ಮಾಹೂಝಿನಲ್ಲಿ ನಾನು ಮ್ಯಾನೇಜರಾಗಿರುವ ಅಪಾರ್ಟ್‌ಮೆಂಟಿನ ಎದುರು, ರಸ್ತೆಯುದ್ದಕ್ಕೆ, ಹೂವಿನ ಪಟ್ಟಿಯಿತ್ತು. ಕಾರ್ಕಳದ ಕಡೆಯ ಗುರುವಪ್ಪ ಹದಿನೆಂಟು ವರ್ಷದಿಂದ ಅಲ್ಲಿ ಪೆಟೂನಿಯಾ ನೆಡುತ್ತಿದ್ದ. ಕಟ್ಟಡದ ಮಾಲೀಕರಾದ ಅರ್ಬಾಬ್ ನನ್ನ ಫೋಟೋಗಳನ್ನು ನೋಡಿ, ಹಸಿರಾಗಿದ್ದರೆ ಸಾಕು, ಏನಾದರೂ ನೆಡಿ ಎಂದರು. ಬಸಳೆ, ಹರಿವೆ, ಬದನೆ, ಟೊಮೆಟೊ ಎಂದು ನಾನು ಪಟ್ಟಿ ಹೇಳಿದಾಗ ಗುರುವಪ್ಪನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಅನುಮಾನ ಬಂದದ್ದೂ ಅವನಿಗೇ. ಆ ಹೂವಿನ ಪಟ್ಟಿಗೆ ಬರುವುದು ನೇರಳೆ ಬಣ್ಣದ ಪೈಪಿನ ನೀರು. ಕೊಳಚೆಯನ್ನು ಶುದ್ಧ ಮಾಡಿ ಹೂಗಿಡಕ್ಕೆ, ಹುಲ್ಲಿಗೆ ಬಿಡುವಂಥದ್ದು.

"ಅಕ್ಕ, ತಿನ್ನುವ ಗಿಡಕ್ಕೆ ಈ ನೀರು ಆಗ್ತದಾ?" ಎಂದು ಕೇಳಿದ.

ನಾನು ನಕ್ಕೆ. ನಮ್ಮ ಉಡುಪಿ ಮನೆಯಲ್ಲಿ ಬಸಳೆ ಚಪ್ಪರ ಇದ್ದದ್ದೇ ಬಚ್ಚಲಿನ ಹಿಂದೆ. ಮಿಂದ ನೀರು, ಪಾತ್ರೆ ತೊಳೆದ ನೀರು ಕುಡಿದೇ ಅದು ಕೊಬ್ಬುತ್ತಿತ್ತು.

"ಬಸಳೆಗೆ ಬಚ್ಚಲ ನೀರೇ ಅಲ್ವಾ ಮಾರಾಯ? ಧೈರ್ಯದಲ್ಲಿ ಬಿಡು" ಎಂದೆ. ಊರಿನ ಬಸಳೆಯನ್ನು ನಾವು ಬೇಯಿಸಿ ತಿನ್ನುತ್ತಿದ್ದೆವು ಎಂಬುದು ಆಗ ನನ್ನ ಬುದ್ಧಿಗೆ ಹೊಳೆಯಲಿಲ್ಲ.

ಜನವರಿಯ ಹೊತ್ತಿಗೆ ತೋಟ ಕಣ್ಣು ತುಂಬುವಂತಿತ್ತು. ಡ್ರೈವರುಗಳು ಬದನೆ ಕೊಯ್ದರು, ಮೂರನೇ ಮಹಡಿಯ ಝುಬೈದಾ ಹರಿವೆ ಒಯ್ದಳು. ನಾನು ಬಾಲ್ಕನಿಯಲ್ಲಿ ನಿಂತು ಬೀಗಿದೆ. ಫೆಬ್ರವರಿಯಲ್ಲಿ ಝುಬೈದಾಳ ಆರು ವರ್ಷದ ಮಗಳು ಸಫ್ನಾ ಗಿಡದಿಂದ ಟೊಮೆಟೊ ಕಿತ್ತು ಅಲ್ಲೇ ತಿಂದಳು. ಮರುದಿನ ವಾಂತಿ, ಭೇದಿ, ಜ್ವರ. ಎರಡು ದಿನ ಆಸ್ಪತ್ರೆ. ನೀರನ್ನು ಪರೀಕ್ಷಿಸಿದವರು ನೇರಳೆ ಪೈಪು ನೋಡಿ ತಲೆ ಚಚ್ಚಿಕೊಂಡರು. ನೀರು ಬಿಟ್ಟವನು ಯಾರು ಎಂದು ಅರ್ಬಾಬ್ ಕೇಳಿದರು. ಗುರುವಪ್ಪ ಕೈ ಎತ್ತಿದ.

ನಾನು ಅಲ್ಲೇ ಇದ್ದೆ. ವಟವಟ ಎನ್ನುವ ನನ್ನ ಬಾಯಿ ಆ ದಿನ ಬಿಚ್ಚಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದ್ದು ನಾನು, ಉಣ್ಣುವವನು ಅವನು. ನಾಚಿಕೆಯಿಂದ ಇಡೀ ದಿನ ಅನ್ನ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಅರ್ಬಾಬರ ಆಫೀಸಿಗೆ ಹೋಗಿ, ನೀರು ಬಿಡಲು ಹೇಳಿದ್ದೇ ನಾನು ಎಂದು ಒಪ್ಪಿಕೊಂಡೆ. ಅವರು ಒಂದು ಕಾಗದ ತೋರಿಸಿದರು. ಯಾರನ್ನೂ ಕೇಳದೆ ತಾನೇ ಮಾಡಿದ್ದು ಎಂದು ಗುರುವಪ್ಪ ಹಿಂದಿನ ಸಂಜೆಯೇ ಸಹಿ ಹಾಕಿದ್ದ. ಅವನನ್ನು ಊರಿಗೆ ಕಳಿಸಲು ವೀಸಾ ರದ್ದಿನ ಅರ್ಜಿಯೂ ಹೋಗಿಯಾಗಿತ್ತು. ಕೆಲಸದವರ ಮೇಲೆ ನಿಮಗೆ ಬಹಳ ಕರುಣೆ, ಅದು ಒಳ್ಳೆಯದೇ, ಆದರೆ ಮುಗಿಯಿತು ಎಂದು ಅವರು ಸಮಾಧಾನ ಹೇಳಿದರು.

ಗುರುವಪ್ಪ ಟೊಮೆಟೊ ಗಿಡ ಕೀಳುತ್ತಿದ್ದ. ಯಾಕೆ ಸಹಿ ಹಾಕಿದೆ ಎಂದು ನಾನು ರೇಗಿದೆ. ಅವನು ಕೀಳುತ್ತಲೇ ಹೇಳಿದ.

"ನಿಮ್ಮ ಮಕ್ಕಳ ಶಾಲೆ ಇಲ್ಲಿ ಉಂಟಲ್ಲ ಅಕ್ಕ. ನಾನಾದ್ರೆ ಒಬ್ಬನೇ."

ಅವನ ಜೊತೆ ನಾಲ್ಕು ಗಿಡ ಕಿತ್ತೆ. ನಿಮ್ಮ ಬಟ್ಟೆ ಕೊಳೆಯಾಗ್ತದೆ ಎಂದು ನನ್ನನ್ನು ಎಬ್ಬಿಸಿದ.

ಒಬ್ಬರಾದರೂ ನನ್ನನ್ನು ಬೈಯಲಿ ಎಂದು ಝುಬೈದಾಳ ಮನೆಗೆ ಹೋದೆ. ಸಫ್ನಾ ಸೋಫಾದಲ್ಲಿ ಮಲಗಿ ಟಿವಿ ನೋಡುತ್ತಿದ್ದಳು. ಗುರುವಪ್ಪ ಕೇಳಿದ್ದು, ನಾನು ನಕ್ಕದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಝುಬೈದಾ ಕೇಳಿಸಿಕೊಂಡು ನನ್ನ ಕೈ ಹಿಡಿದುಕೊಂಡಳು.

"ನಿಮ್ದು ದೊಡ್ಡ ಮನಸ್ಸು ವಿನಿತಕ್ಕ. ಅಂಥವನನ್ನು ಉಳಿಸ್ಲಿಕ್ಕೆ ನಿಮ್ಮ ಮೇಲೆ ಎಳ್ಕೊಳ್ಬೇಡಿ."

ಇನ್ನೊಮ್ಮೆ ಹೇಳಿದೆ. ಅವಳು ತಲೆಯಾಡಿಸಿ ಚಹಾ ಇಡಲು ಒಳಗೆ ಹೋದಳು. ಚಹಾ ಬರುವವರೆಗೆ ಕೂತಿದ್ದು, ಕುಡಿದು ಬಂದೆ.