ಹತ್ತರ ಸ್ಥಾನ

ಚಪ್ಪಲಿಗೆ ಕಾಲು ತೂರಿಸುತ್ತಿದ್ದ ಸೊಸೆಯ ಕೈಚೀಲವನ್ನು ಚಿಕ್ಕತ್ತೆ ಹಿಡಿದೆಳೆದಳು.

"ನಮ್ಮಕ್ಕನ ಹೆಣ ಇನ್ನೂ ನಡುಮನೇಲಿದೆ. ನೀನು ಲೆಕ್ಕದ ಪರೀಕ್ಷೆ ಬರೆಯೋಕೆ ಹೊರಟೆಯಾ?"

"ಈ ಸಲ ಬಿಟ್ರೆ ಮೇಲ್ವಿಚಾರಕಿ ಹುದ್ದೆ ಹೊರಗಿನೋರ ಪಾಲು, ಚಿಕ್ಕತ್ತೆ. ಆಮೇಲೆ ನಾವು ಸಾಯೋವರೆಗೂ ರೋಗಿಗಳ ಬಟ್ಟೆ ಒಗೀತಾನೇ ಇರ್ಬೇಕು."

"ನೋಡಿದ ಜನ ಏನಂದಾರು?"

"ಅಳೋಕೆ ನಾವಿಲ್ವಾ?" ಎಂದಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಅತ್ತೆಯ ಜೊತೆ ದುಡಿದ ಗೆಳತಿ. "ಅವಳಿಗೆ ಜೀವ ಇದ್ದಿದ್ರೆ ಬೆನ್ನಿಗೊಂದು ಗುದ್ದಿ ಕಳಿಸ್ತಿದ್ಲು. ಹೋಗೇ!"

ಗಂಡ ತಲೆ ಎತ್ತಲಿಲ್ಲ. "ಮಧ್ಯಾಹ್ನಕ್ಕೆ ಎತ್ತುತ್ತಾರಂತೆ. ಮುಖ ನೋಡೋಕೂ ಸಿಗಲ್ಲ ನಿಂಗೆ."

ಅವಳು ಒಳಗೆ ಬಂದು ಅತ್ತೆಯ ತಣ್ಣನೆಯ ಹಣೆ ಮುಟ್ಟಿದಳು. ಹೊರಬಿದ್ದಳು.

*

ಗಂಡಸರನ್ನು ಒಂದು ಪ್ರಶ್ನೆಯೂ ಕೇಳದೆ ಮೇಲ್ವಿಚಾರಕರನ್ನಾಗಿ ಮಾಡಿದ ಆಡಳಿತ, ಹೆಂಗಸರು ಕೇಳಿದಾಗ ಮಾತ್ರ ಹತ್ತನೇ ತರಗತಿಯ ಗಣಿತ ಪಾಸಾಗಿ ಬನ್ನಿ ಎಂದಿತ್ತು. ಹೋದ ವರ್ಷ ಅತ್ತೆ ಹಟ ಹಿಡಿದು ಓದಲು ಕೂತಳು. ಸೊಸೆಯನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

ಎರಡಂಕಿಯ ಸಂಖ್ಯೆ. ಅಂಕಿಗಳ ಮೊತ್ತ ಹನ್ನೊಂದು. ಅದಲುಬದಲು ಮಾಡಿದರೆ ಸಂಖ್ಯೆ ಇಪ್ಪತ್ತೇಳು ಹೆಚ್ಚುತ್ತದೆ. ಅತ್ತೆ ಎಕ್ಸ್ ಪಕ್ಕ ವೈ ಬರೆದು ಕೈ ಕಟ್ಟಿದಳು.

"ಹಂಗೆ ಬರೆದ್ರೆ ಗುಣಾಕಾರ ಆಗತ್ತೆ, ಅತ್ತೆ. ನಾಲ್ಕು, ಏಳು ಇಟ್ರೆ ಇಪ್ಪತ್ತೆಂಟು. ನಲವತ್ತೇಳು ಬೇಕಂದ್ರೆ ಎಡಗಡೆಯದನ್ನ ಹತ್ತರಿಂದ ಗುಣಿಸಿ, ಬಲಗಡೆಯದನ್ನ ಕೂಡಿಸ್ಬೇಕು."

"ಪಕ್ಕಪಕ್ಕ ಕೂತೋರಲ್ಲಿ ಒಬ್ಬರಿಗೆ ಹತ್ತುಪಟ್ಟು ಬೆಲೆ? ಇದ್ಯಾವ ನ್ಯಾಯಾನೇ?"

"ಅದು ಕೂತ ಜಾಗದ ಬೆಲೆ."

"ಹಂಗೋ! ಹಾಗಾದ್ರೆ ಜಾಗ ಬದಲಾಯ್ಸೋ ಲೆಕ್ಕಾನೇ ಇನ್ನೊಂದು ಕೊಡು."

ಪರೀಕ್ಷೆಯಲ್ಲಿ ಮತ್ತೆ ಅದೇ ತಪ್ಪು ಮಾಡಿ ಫೇಲಾದಳು. ಸೊಸೆಯೂ ಅವಸರದಲ್ಲಿ ಎಡವಿದ್ದಳು. "ಅತ್ತೆ ಸೊಸೆ ಒಂದರಲ್ಲಾದ್ರೂ ಜೋಡಿ ಆದ್ವಲ್ಲ," ಎಂದು ಅತ್ತೆ ನಕ್ಕು, ಇಬ್ಬರ ಹೆಸರನ್ನೂ ಪರೀಕ್ಷೆಗೆ ಮತ್ತೆ ಕೊಟ್ಟು ಬಂದಳು.

*

ಪರೀಕ್ಷಾ ಕೋಣೆಯಲ್ಲಿ ಪಕ್ಕದ ಬೆಂಚು ಖಾಲಿ. ಅಂಕಿಗಳ ಪ್ರಶ್ನೆ ಬಂದಿತ್ತು. ಹತ್ತು ಎಕ್ಸ್, ಕೂಡಿಸು ವೈ ಎಂದು ಬರೆಯುವಾಗ ಕಣ್ಣು ಮಂಜಾಯಿತು. ಸೆರಗಿನಿಂದ ಒರೆಸಿಕೊಂಡು ಮುಂದಿನ ಸಾಲಿಗೆ ಹೋದಳು. ತಾಳೆ ನೋಡಿದಳು. ಕೊನೆಯ ಗಂಟೆಯವರೆಗೂ ಎದ್ದೇಳಲಿಲ್ಲ.

ಓಡುತ್ತ ಗೇಟು ದಾಟಿದರೆ, ಎದುರಿಗೇ ರಸ್ತೆಗೆ ಅಡ್ಡವಾಗಿ ಶವದ ವ್ಯಾನು. ಲಾಂಡ್ರಿಯ ಹೆಂಗಸರೆಲ್ಲ ಅದರ ಮುಂದೆ ರಸ್ತೆಯ ಮೇಲೇ ಕೂತಿದ್ದರು. ಹಿಂದಿನ ಗಾಡಿಗಳು ಬಾಯಿ ಬಡಿದುಕೊಳ್ಳುತ್ತಿದ್ದವು.

"ಎಷ್ಟೊತ್ತಮ್ಮಾ ಇನ್ನೂ?" ಎಂದು ಡ್ರೈವರು ರೇಗಿದ.

"ಮನೆ ಹೆಣ್ಣುಮಗಳು ಬರ್ಬೇಕು. ಬರೋವರೆಗೂ ಚಕ್ರ ಉರುಳಲ್ಲ," ಎಂದು ಗೆಳತಿ ಕದಲದೆ ಕೂತಳು.

ಗಂಡ ವ್ಯಾನಿನ ಬಾಗಿಲು ತೆಗೆದು ಕೈ ಚಾಚಿದ. ಒಳಗೆ ಹೆಣದ ತಲೆಯ ಬಳಿ ಕೂತಿದ್ದ ಚಿಕ್ಕತ್ತೆ ಜಾಗ ಬಿಟ್ಟು ಕಾಲ ಕಡೆಗೆ ಸರಿದಳು.